ಹೆಲ್ಪರ್ ಜಾಗದಲ್ಲಿ ಯಾರಿದ್ದರು?

ಹಿಟಾಚಿ, ಜೆಸಿಬಿ ಕಲಿಯಲೆಂದು ಹೆಲ್ಪರ್ ಆಗಿ ಸೇರಿದ ಹುಡುಗರು ಆಪ್ತಸಲಹೆಗೆ ಬರುವುದು ಹೆಚ್ಚಾಗಿ ಏನಾದರೊಂದು ಅವಘಡ ಆದಮೇಲೆ. ನಿದ್ದೆ ಹತ್ತುವುದಿಲ್ಲ, ಲಿವರ್ ಹಿಡಿದರೆ ಅಂಗೈ ಬೆವರುತ್ತದೆ, 'ಈ ಕೆಲಸ ನನ್ನ ಕೈಲಾಗಲ್ಲ' ಎಂದು ಅವರೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ. ಈ ಪ್ರಕರಣವೂ ಅದೇ ಜಾತಿಯದು. ಗುರುತು ಸಿಗದಂತೆ ವಿವರ ಬದಲಿಸಿದೆ.

ಹುಡುಗನಿಗೆ ಹತ್ತೊಂಬತ್ತು, ಎಸ್ಸೆಸ್ಸೆಲ್ಸಿ ಪಾಸು. ಎರಡು ವರ್ಷದಿಂದ ಒಬ್ಬ ಆಪರೇಟರ್ ಕೈಕೆಳಗೆ ಲೇಔಟ್ ಕೆಲಸ. ಮಾಲೀಕರಿಗಿರುವುದು ಒಂದೇ ಗಾಡಿ, 20 ಟನ್ನಿನ ಹಿಟಾಚಿ. ಒಂದು ರಾತ್ರಿ ಟಿಪ್ಪರಿಗೆ ಮಣ್ಣು ತುಂಬಲು ಹುಡುಗ ಗಾಡಿ ತಿರುಗಿಸಿದಾಗ, ಅದು ಮುಂದಕ್ಕೆ ವಾಲದಂತೆ ಹಿಂದೆ ಕೂರಿಸಿದ ಭಾರ, ಅಂದರೆ ಕೌಂಟರ್‌ವೇಟ್ ಟಿಪ್ಪರ್ ಚಾಲಕನ ತೋಳು ಸವರಿಕೊಂಡು ಹೋಯಿತು. ಮೂಳೆ ಮುರಿಯಲಿಲ್ಲ. ಅಮ್ಮ ದೃಷ್ಟಿ ತೆಗೆದರು, ಸೋದರಮಾವ 'ಬಿಟ್ಟಾಕು, ಆಟೋ ಕೊಡಿಸ್ತೀನಿ' ಎಂದರು.

'ನಾನು ನೋಡ್ಬೇಕಿತ್ತು' ಎಂಬ ಒಂದೇ ಮಾತನ್ನು ಅವನು ತಿರುತಿರುಗಿ ಹೇಳುತ್ತಿದ್ದ. ಸಮಾಧಾನ ಹೇಳುವುದರಿಂದ ಪ್ರಯೋಜನವಿರಲಿಲ್ಲ. ಹಾಳೆ, ಪೆನ್ನು ಕೊಟ್ಟು ಆ ರಾತ್ರಿ ಗಾಡಿ ಎಲ್ಲಿತ್ತು, ಟಿಪ್ಪರ್ ಎಲ್ಲಿತ್ತು, ಯಾರು ಎಲ್ಲಿದ್ದರು ಬರೆದು ತೋರಿಸು ಎಂದೆ. ಎರಡು ಚೈನ್, ಎಡಕ್ಕೆ ಕ್ಯಾಬಿನ್, ಪಕ್ಕದಲ್ಲಿ ಬೂಮ್ (ಬಕೆಟ್ ಎತ್ತುವ ದೊಡ್ಡ ತೋಳು), ಹಿಂದೆ ಕೌಂಟರ್‌ವೇಟ್, ಎಲ್ಲವನ್ನೂ ಅಳತೆ ಹಿಡಿದಂತೆ ಬರೆದ. ಸೀಟಿನಿಂದ ಕಾಣದ ಜಾಗಕ್ಕೆ ಗೆರೆ ಎಳೆ ಎಂದಾಗ ಬಲಗಡೆ ಹಿಂದಿನ ಭಾಗವನ್ನೆಲ್ಲ ಕಪ್ಪು ಮಾಡಿದ.

"ಹಗಲು ಈ ಜಾಗ ಯಾರು ನೋಡ್ಕೋತಾರೆ?"

"ಹೆಲ್ಪರ್ ಮೇಡಂ."

"ಅವತ್ತು ರಾತ್ರಿ?"

ಪೆನ್ನು ನಿಂತಿತು. "ಹೆಲ್ಪರ್ ನಾನೇ ಅಲ್ವಾ ಮೇಡಂ. ನಾನು ಮೇಲೆ ಕೂತಿದ್ದೆ."

ಆಪರೇಟರ್ ಎಲ್ಲಿದ್ದರು? ಶೆಡ್ಡಿನಲ್ಲಿ ಮಲಗಿದ್ದರು, ಬೆಳಿಗ್ಗೆ ಏಳರಿಂದ ಓಡಿಸಿದ್ದರು. ಹಗಲು ಯಾವತ್ತಾದರೂ ಲಿವರ್ ಕೊಟ್ಟಿದ್ದಾರಾ? "ಹಗಲು ಮಾಲೀಕ್ರು ಇರ್ತಾರಲ್ಲ ಮೇಡಂ. ಅಣ್ಣಂಗೆ ಸುಸ್ತಾದ್ಮೇಲೆ ಕೊಡ್ತಾರೆ."

ನಾನು ಕೊಟ್ಟ ಸಲಹೆಯೆಲ್ಲ ಈ ಮಾತಿನ ಮೇಲೇ ನಿಂತಿದೆ. 20 ಟನ್ನಿನ ಗಾಡಿಯ ಹಿಂಭಾಗ ತಿರುಗಲು ನಡುವಿನಿಂದ ಸುಮಾರು ಎರಡೂಮುಕ್ಕಾಲು ಮೀಟರ್ ಜಾಗ ಬೇಕು. ಅಡ್ಡ ತಿರುಗಿದಾಗ ಕೌಂಟರ್‌ವೇಟ್ ಚೈನಿನಿಂದಾಚೆ ನಾಲ್ಕು ಅಡಿಗೂ ಹೆಚ್ಚು ಚಾಚುತ್ತದೆ. ಚೈನಿನಿಂದ ಮೂರು ಅಡಿ ದೂರ ಇದ್ದೇನೆಂದು ನಿಂತವನಿಗೂ ಅದು ತಾಗಬಹುದು. ಎಷ್ಟೇ ನುರಿತ ಕೈ ಇದ್ದರೂ ಬಲ ಹಿಂಬದಿ ಕಾಣುವುದಿಲ್ಲ, ಅದಕ್ಕೇ ಕೆಳಗೊಬ್ಬ ಇರಬೇಕು. ಹುಡುಗನ ಭಯ ಕಾಯಿಲೆಯಾಗಿರಲಿಲ್ಲ, ಸರಿಯಾದ ಜಾಗಕ್ಕೇ ಕೈ ತೋರಿಸುತ್ತಿತ್ತು. ಹಾಗಿದ್ದರೂ ನಿದ್ದೆ ಕೆಡುವುದು ತಿಂಗಳು ದಾಟಿದರೆ ವೈದ್ಯರನ್ನು ಕಾಣಬೇಕು, ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು ಎಂದು ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಕೆಲಸ ಬಿಡು ಎನ್ನಲಿಲ್ಲ. ರಾತ್ರಿ ಲಿವರ್ ಬಿಡು ಎಂದೆ. ಹಾಗೆಂದು ಗುರುವಿಗೆ ಎದುರಾಡಲು ಹುಡುಗರಿಗೆ ಬಾಯಿ ಬರುವುದಿಲ್ಲ, ಆದ್ದರಿಂದ ಮಾತನ್ನೇ ಜೋಡಿಸಿಕೊಟ್ಟೆ: "ಅಣ್ಣ, ಬೆಳಿಗ್ಗೆ ಏಳರೊಳಗೆ ಗ್ರೀಸ್ ಹೊಡೆದು, ಎಂಜಿನ್ ಆಯಿಲ್, ಹೈಡ್ರಾಲಿಕ್ ಆಯಿಲ್ ನೋಡಿ, ಡೀಸೆಲ್ ಫಿಲ್ಟರಿನ ನೀರು ಬಿಟ್ಟಿಟ್ಟಿರ್ತೀನಿ. ಆಮೇಲೆ ಟಿಪ್ಪರ್ ಬರೋವರೆಗೆ ಅರ್ಧ ಗಂಟೆ ನಂಗೆ ಕೊಡಿ, ನೀವು ನಿಂತು ನೋಡಿ." ಆ ಅರ್ಧ ಗಂಟೆಗೂ ಒಂದು ಕ್ರಮ ಬೇಕು. ಮೊದಲು ಕಡಿಮೆ ಆಕ್ಸಿಲರೇಟರಿನಲ್ಲಿ ಬೂಮ್, ಅದರ ತುದಿಯ ಆರ್ಮ್, ಬಕೆಟ್ ಬೇರೆಬೇರೆಯಾಗಿ; ಕೈ ಕೂತಮೇಲೆ ಎರಡೆರಡನ್ನು ಕೂಡಿಸಿ ನೆಲ ಮಟ್ಟ ಮಾಡುವುದು; ನಂತರ ಕಾಲುವೆ ತೋಡುವುದು. ಟಿಪ್ಪರ್ ತುಂಬುವುದು ಕೊನೆಗೆ. ಸುತ್ತ ಜನ ಓಡಾಡುವಲ್ಲಿ ಪದೇಪದೇ ತಿರುಗಿಸಬೇಕಾದ ಕೆಲಸ ಅದು. ಸೈಟಿನಲ್ಲಿ ಹೊಸಬನಿಗೆ ಮೊದಲು ಸಿಗುವುದು ಅದೇ, ಏಕೆಂದರೆ ರಾತ್ರಿ ಉಳಿದಿರುವ ಕೆಲಸ ಅದೊಂದೇ.

ಟಿಪ್ಪರ್ ತುಂಬುವ ದಿನ ಬಂದಾಗ ಗಾಡಿಯ ಸುತ್ತ ನಾಲ್ಕು ಮೀಟರಿಗೆ ಸುಣ್ಣದ ಗೆರೆ ಹಾಕಬೇಕು, ಚಾಲಕ ಅದರಾಚೆ ನಿಲ್ಲಬೇಕು. ಬಕೆಟ್ಟನ್ನು ಟಿಪ್ಪರಿನ ಕ್ಯಾಬಿನ್ ಮೇಲಿಂದ ಒಯ್ಯಬಾರದು. ಇಳಿಯುವ ಮುಂಚೆ ಬಕೆಟ್ ನೆಲಕ್ಕೆ ಊರಿ ಸೇಫ್ಟಿ ಲಿವರ್ ಹಾಕಬೇಕು. ಹಾಕದಿದ್ದರೆ ಇಳಿಯುವಾಗ ಅಂಗಿಯ ತೋಳು ಲಿವರಿಗೆ ಸಿಕ್ಕಿದರೂ ಗಾಡಿ ತಿರುಗುತ್ತದೆ.

ನೋಟ್‌ಬುಕ್ ಇಡು ಎಂದೂ ಹೇಳಿದೆ: ತಾರೀಖು, ಅವರ್ ಮೀಟರ್ (ಗಾಡಿ ಓಡಿದ ಗಂಟೆ ತೋರಿಸುವುದು) ಎಷ್ಟಿತ್ತು, ಏನು ಕೆಲಸ, ಕೆಳಗೆ ಯಾರು ನಿಂತಿದ್ದರು. ಕೊನೆಯ ಕಾಲಂ ಖಾಲಿ ಇದ್ದರೆ ಆ ಗಂಟೆಯನ್ನು ಕಲಿಕೆಯ ಲೆಕ್ಕಕ್ಕೆ ಹಿಡಿಯಬೇಡ.

ಕಾರ್ಮಿಕ ಇಲಾಖೆಗೆ ದೂರು ಕೊಡಿಸಬೇಕಿತ್ತು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಶಿಶಿಕ್ಷುಗಳನ್ನು (ಅಪ್ರೆಂಟಿಸ್‌ಗಳನ್ನು) ಇಟ್ಟುಕೊಳ್ಳುವುದು ಕಡ್ಡಾಯವಾಗುವುದು 30 ಅಥವಾ ಹೆಚ್ಚು ಜನ ಇರುವಲ್ಲಿ. ಒಂದು ಗಾಡಿಯ ಮಾಲೀಕರು ಆ ಲೆಕ್ಕಕ್ಕೇ ಬರುವುದಿಲ್ಲ. ದೂರು ಕೊಟ್ಟರೆ ಹೋಗುವುದು ಹುಡುಗನ ಕೆಲಸ. ದೊಡ್ಡ ಗುತ್ತಿಗೆ ಕಂಪನಿಗಳಲ್ಲಿ ನೋಂದಾಯಿತ ಶಿಶಿಕ್ಷು ಒಪ್ಪಂದ ಕೇಳು ಎಂದೆ. 2019ರ ನಿಯಮದಲ್ಲಿ ಎಸ್ಸೆಸ್ಸೆಲ್ಸಿ ಆದವರಿಗೆ ತಿಂಗಳ ಭತ್ಯೆ ಕನಿಷ್ಠ 6,000 ರೂಪಾಯಿ ಎಂದಿತ್ತು. ಹೆಲ್ಪರ್ ಸಂಬಳದ ಮುಂದೆ ಇದು ಕಡಿಮೆ ಎಂದು ಮುಖ ಸಿಂಡರಿಸಿದ. ನಿಜ, ಆದರೆ ಕೆಲಸದಲ್ಲಿ ಪೆಟ್ಟಾದರೆ ಪರಿಹಾರಕ್ಕೆ ಆ ಕಾಯ್ದೆಯಲ್ಲಿ ಆಧಾರವಿದೆ, ಅಧಿಕಾರಿಯ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ.

ಅಮ್ಮ ಸಾಲ ಮಾಡಿ ಒಂದು ತಿಂಗಳ ಆಪರೇಟರ್ ಕೋರ್ಸಿಗೆ ಸೇರಿಸಲು ಸಿದ್ಧರಿದ್ದರು. ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ ಎಂದೆ: ಒಂದು ಗಾಡಿಗೆ ಎಷ್ಟು ಹುಡುಗರು, ನನ್ನ ಮಗನ ಪಾಲಿಗೆ ಸೀಟಿನ ಮೇಲೆ ಎಷ್ಟು ಗಂಟೆ? ಬಾಯಲ್ಲಿ ಹೇಳಿದರೆ ಸಾಲದು, ಬರೆದುಕೊಡಬೇಕು.

ಆಪರೇಟರ್ ಕೆಟ್ಟ ಮನುಷ್ಯನಲ್ಲ. ಬೆಳಗಿನ ಅರ್ಧ ಗಂಟೆಗೆ ಒಪ್ಪಿದರು, ಆದರೆ "ರಾತ್ರಿ ಹಂಗಾದ್ರೆ ಯಾರು ಓಡಿಸ್ಬೇಕು?" ಎಂದು ಕೇಳಿದರಂತೆ. ಗಂಟೆ ಲೆಕ್ಕದಲ್ಲಿ ಬಾಡಿಗೆ ಓಡುವ ಗಾಡಿಗೆ ಎರಡನೇ ಆಪರೇಟರ್ ಇಡಬೇಕಾದವರು ಮಾಲೀಕರು, ಈ ಪ್ರಶ್ನೆ ಅವರ ಮುಂದೆಯೇ ಎತ್ತಬೇಕು ಎಂದು ಹೇಳಿ ಕಳುಹಿಸಿದೆ. ಸದ್ಯಕ್ಕೆ ಸಂಜೆ ಏಳಕ್ಕೆ ಗಾಡಿ ನಿಲ್ಲಿಸುತ್ತಿದ್ದಾರೆ. ಮಾಲೀಕರು ಇನ್ನೂ ಏನೂ ಹೇಳಿಲ್ಲ.