ಅಟ್ಟದ ಮೇಲಿನ ಸನ್ನದು ಓದುವವರು ಯಾರು?

ಓದುಗರ ಪತ್ರ: ‘ಮಾನ್ಯ ಸಂಪಾದಕರೇ, ನಾನು ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಓದುತ್ತಿದ್ದೇನೆ. ಇತಿಹಾಸ ನನಗೆ ತುಂಬಾ ಇಷ್ಟ. ಸಿಯುಇಟಿ ಪ್ರವೇಶ ಪರೀಕ್ಷೆ ಬರೆದು ದೆಹಲಿ ವಿಶ್ವವಿದ್ಯಾಲಯದ ಬಿ.ಎ. ಆನರ್ಸ್ ಇತಿಹಾಸಕ್ಕೆ ಅರ್ಜಿ ಹಾಕು ಎಂದು ನಮ್ಮ ಉಪನ್ಯಾಸಕರು ಹೇಳುತ್ತಾರೆ. ಇಡೀ ದೇಶದ ಮಕ್ಕಳು ಬರೆಯುವ ಪರೀಕ್ಷೆಯಲ್ಲಿ ನನಗೆ ಸೀಟು ಸಿಗುತ್ತದೆಯೇ ಎಂಬ ಅಂಜಿಕೆ ಇದೆ. ಅಪ್ಪನಿಗೆ ಖರ್ಚಿನ ಚಿಂತೆ. ಬೆಂಗಳೂರಿನಲ್ಲಿರುವ ಸೋದರಮಾವ, ಇತಿಹಾಸ ಓದಿ ಯಾರು ಉದ್ಧಾರವಾಗಿದ್ದಾರೆ, ಬಿ.ಕಾಂ. ಮಾಡಲಿ ಎನ್ನುತ್ತಾರೆ. ಅರ್ಜಿ ಹಾಕಿ ಸಿಗದೆ ಹೋದರೆ ನೆಂಟರ ಮುಂದೆ ನಗೆಪಾಟಲಾಗುತ್ತೇನೆ. ಏನು ಮಾಡಲಿ?’
(ಹೆಸರು ಬೇಡ ಎಂದಿದ್ದಾರೆ), ಗೋಣಿಕೊಪ್ಪಲು

ಅರ್ಜಿ ಹಾಕಿ. ಉತ್ತರ ಇಷ್ಟೇ. ಮುಂದಿನದು ವ್ಯವಧಾನ ಇರುವವರಿಗೆ.

ಮೊದಲು ಸ್ವಲ್ಪ ಗದರಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಅಪ್ಪ ಇದ್ದಾರೆ, ಮಾವ ಇದ್ದಾರೆ, ಊರಿನ ನೆಂಟರೆಲ್ಲ ಬಂದು ಕುಳಿತಿದ್ದಾರೆ. ಯಾವ ಶಾಸನ, ಯಾವ ರಾಜ, ಯಾವ ದಂಗೆ ನಿಮ್ಮನ್ನು ರಾತ್ರಿ ಹನ್ನೊಂದರವರೆಗೆ ಎಚ್ಚರವಾಗಿ ಕೂರಿಸಿತು ಎಂಬ ಒಂದು ಮಾತೂ ಇಲ್ಲ. ‘ತುಂಬಾ ಇಷ್ಟ’ ಎಂದು ಬರೆದು ಮುಂದಿನ ಸಾಲಿಗೇ ಹೆದರಿಕೆಗೆ ಇಳಿದಿದ್ದೀರಿ. ನಗೆಪಾಟಲಿನ ವಿಚಾರ ಹೇಳುವುದಾದರೆ, ನೆಂಟರು ನಗುವುದಕ್ಕೆ ನಿಮ್ಮ ಅರ್ಜಿಯೇ ಬೇಕೆಂದಿಲ್ಲ. ಮುಂದಿನ ಮದುವೆ ಊಟದ ಪಂಕ್ತಿಯಲ್ಲಿ ಅವರಿಗೆ ಬೇರೆ ಯಾರಾದರೂ ಸಿಗುತ್ತಾರೆ.

ಅಪ್ಪನ ಚಿಂತೆಯನ್ನು ಮಾತ್ರ ನಾನು ಹಗುರವಾಗಿ ಕಾಣುವುದಿಲ್ಲ. ದೆಹಲಿಯಲ್ಲಿ ಕಾಲೇಜಿನ ಶುಲ್ಕಕ್ಕಿಂತ ಬಾಡಿಗೆ ಮತ್ತು ಊಟ ಭಾರ. ಹಾಸ್ಟೆಲ್ ಎಲ್ಲರಿಗೂ ಸಿಗುವುದಿಲ್ಲ. ಕಾಫಿಗೆ ಒಂದೆರಡು ವರ್ಷ ಒಳ್ಳೆಯ ಬೆಲೆ ಬಂದಿತೆಂದು ಮೂರು ನಾಲ್ಕು ವರ್ಷದ ಖರ್ಚನ್ನು ಅದರ ಮೇಲೆ ನಿಲ್ಲಿಸಲಾಗದು ಎಂಬುದು ತೋಟ ಇರುವ ಯಾರಿಗೂ ಗೊತ್ತು. ಅಪ್ಪನ ಜೊತೆ ಕುಳಿತು ಲೆಕ್ಕ ಹಾಕಿ. ಆದರೆ ಆ ಲೆಕ್ಕ ಸೀಟು ಸಿಕ್ಕಿದ ಮೇಲಿನದು. ಸಿಗುವ ಮೊದಲೇ ಬೇಡವೆನ್ನುವ ಔದಾರ್ಯ ಯಾಕೆ?

ಇನ್ನು ಮಾವನ ಪ್ರಶ್ನೆ. ಇತಿಹಾಸ ಓದಿ ಯಾರು ಉದ್ಧಾರವಾದರು? ‘ಐಎಎಸ್‌ಗೆ ಉಪಯೋಗವಾಗುತ್ತದೆ’ ಎಂಬ ಉತ್ತರ ನಿಮ್ಮ ನಾಲಿಗೆಯ ತುದಿಯಲ್ಲಿ ಇರಬಹುದು. ದಯವಿಟ್ಟು ಅದನ್ನು ಹೇಳಬೇಡಿ. ಅದಕ್ಕೆ ಬದಲು ಮಾವನನ್ನು ಒಮ್ಮೆ ನಿಮ್ಮ ಐನ್‌ಮನೆಯ, ಅಂದರೆ ಮನೆತನದ ಮೂಲ ಮನೆಯ, ಅಟ್ಟ ಹತ್ತಿಸಿ.

ಕೊಡಗಿನ ನಾಪೋಕ್ಲು ಕಡೆಯ ಒಂದು ಐನ್‌ಮನೆಗೆ ಕೆಲವು ವರ್ಷಗಳ ಹಿಂದೆ ಹೋಗಿದ್ದೆ. ನೆಲ್ಲಕ್ಕಿ ಬಾಡೆಯ, ಅಂದರೆ ನಡುಮನೆಯ, ಗೋಡೆಯ ಮೇಲೆ ಕೋವಿ, ಒಡಿಕತ್ತಿ, ಸೈನ್ಯದಲ್ಲಿದ್ದ ಹಿರಿಯರ ಭಾವಚಿತ್ರ, ಎಲ್ಲವೂ ಒರೆಸಿ ಇಟ್ಟಂತೆ ಫಳಫಳ ಹೊಳೆಯುತ್ತಿದ್ದವು. ಹಳೆಯ ಕಾಗದ ಏನಾದರೂ ಇದೆಯೇ ಎಂದು ಕೇಳಿದೆ. ಮನೆಯ ಹಿರಿಯರು ಅಟ್ಟದಿಂದ ಬಿಸ್ಕತ್ತಿನ ತಗಡಿನ ಡಬ್ಬ ಇಳಿಸಿದರು. ಒಳಗೆ ಮಡಿಕೆಯಲ್ಲಿ ಹರಿದಿದ್ದ ಜಮ್ಮಾ ಸನ್ನದು (ವಂಶಪಾರಂಪರ್ಯ ಜಮೀನಿನ ಹಕ್ಕುಪತ್ರ), ಅಂಚನ್ನು ಹುಳ ತಿಂದಿದ್ದ ಕಂದಾಯದ ಚೀಟಿಗಳು, ಬಿಡಿಸಿದರೆ ಪುಡಿಯಾಗುವ ಒಂದು ಕಟ್ಟು. ಅಕ್ಷರ ಕನ್ನಡವೇ, ಆದರೆ ಒಂದಕ್ಕೊಂದು ಕೂಡಿಸಿ ಬರೆದ ಹಳೆಯ ಬರಹ. ನೂರು ಬಟ್ಟಿ ಗದ್ದೆ ಎಂಬಲ್ಲಿಯವರೆಗೆ ನಾನೂ ಅವರೂ ಸೇರಿ ಓದಿದೆವು. ಮುಂದಿನ ಸಾಲು ಇಬ್ಬರಿಗೂ ತಿಳಿಯಲಿಲ್ಲ. ‘ವಕೀಲರ ಗುಮಾಸ್ತರು ಓದುತ್ತಿದ್ದರು, ಅವರು ತೀರಿಹೋದರು’ ಎಂದರು ಹಿರಿಯರು. ಗದ್ದೆಗೆ ಸೇರಿದ ಕಾಡುಜಾಗವಾದ ಬಾಣೆಯ ಹಕ್ಕಿಗಾಗಿ ನ್ಯಾಯಾಲಯ ಹತ್ತುವ ಮನೆ ಅದು. ತಮ್ಮದೇ ದಾಖಲೆ ಓದುವುದಕ್ಕೆ ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಬಿ.ಕಾಂ. ಮಾಡಿದವರು ನಾಲ್ಕು ಜನ ಇದ್ದರು.

ನಮ್ಮ ಚರಿತ್ರೆಯನ್ನು ಬರೆದವರ ಹೆಸರು ನೋಡಿ. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ತನ್ನ ವಂಶದ ಕಥೆಯನ್ನು ‘ರಾಜೇಂದ್ರನಾಮೆ’ ಎಂದು ಬರೆಯಿಸಿದ, ಅದು ರಾಜನ ಮಾತು. ಆಮೇಲೆ 1855ರಲ್ಲಿ ಕೊಡಗಿನ ಬಗ್ಗೆ ಪುಸ್ತಕ ಬರೆದ ಮೊಗ್ಲಿಂಗ್ ಜರ್ಮನಿಯವರು. 1870ರಲ್ಲಿ ಕೈಪಿಡಿ ಬರೆದ ರಿಕ್ಟರ್ ಕೂಡ ಅಲ್ಲಿಯವರೇ. ಶಾಸನಗಳನ್ನು ಓದಿದವರು ಲೂಯಿ ರೈಸ್. ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟವೇ ಕೊಡಗಿನದು, 1886ರಲ್ಲಿ ಬಂದದ್ದು ಎಂದರೆ ನಮ್ಮ ಎಷ್ಟೋ ಮಂದಿ ನಂಬುವುದಿಲ್ಲ. ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ 1952ರಲ್ಲಿ ಜಗತ್ತೇ ಓದಿದ ಪುಸ್ತಕ ಬರೆದ ಎಂ.ಎನ್. ಶ್ರೀನಿವಾಸ್ ಮೈಸೂರಿನವರು. ಹೊರಗಿನವರು ಬರೆದರೆಂದು ನನಗೆ ಮುನಿಸಿಲ್ಲ, ಅವರು ಬರೆಯದಿದ್ದರೆ ಇಷ್ಟೂ ಇರುತ್ತಿರಲಿಲ್ಲ. ನಮ್ಮವರೇ ಆದ ನಡಿಕೇರಿಯಂಡ ಚಿಣ್ಣಪ್ಪ ಹಾಡುಗಾರರ ಬಾಯಿಂದ ಕೇಳಿ ಕೇಳಿ ಬರೆದು 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಹಾಡುಗಳ ಸಂಗ್ರಹ ಕೊಟ್ಟರು. ಅದಾಗಿ ನೂರು ವರ್ಷ ದಾಟಿತು. ಆ ಪುಸ್ತಕವನ್ನು ದೇವರ ಕೋಣೆಯಲ್ಲಿ ಇಟ್ಟುಕೊಂಡವರು ಬೇಕಾದಷ್ಟು. ಆ ಕೆಲಸವನ್ನು ಮುಂದುವರಿಸಿದವರನ್ನು ಬೆರಳು ಮಡಿಸಿ ಎಣಿಸಬಹುದು.

ಹಾಗೆಂದು ಚರಿತ್ರೆಯ ಮಾತಿಗೆ ನಮ್ಮಲ್ಲಿ ಬರವಿಲ್ಲ. ಅಲೆಗ್ಸಾಂಡರನ ಸೈನಿಕರ ಸಂತತಿ ನಾವು ಎಂಬ ಸಂದೇಶ ತಿಂಗಳಿಗೊಮ್ಮೆ ನನ್ನ ಮೊಬೈಲಿಗೆ ಬಂದು ಬೀಳುತ್ತದೆ. ಟಿಪ್ಪುವಿನ ಹೆಸರು ಬಂದರಂತೂ ಕೇಳುವುದೇ ಬೇಡ. ಸೆರೆಹಿಡಿದು ಒಯ್ದ ಕೊಡಗರು ಎಷ್ಟು ಜನ? ಟಿಪ್ಪುವಿನದೇ ಪತ್ರದಲ್ಲಿ 40,000 ಎಂದಿದೆ. ಮೈಸೂರಿನ ಚರಿತ್ರೆ ಬರೆದ ಬ್ರಿಟಿಷ್ ಅಧಿಕಾರಿ ವಿಲ್ಕ್ಸ್ 70,000 ಎನ್ನುತ್ತಾನೆ. ಪರ್ಷಿಯನ್ನಿನಲ್ಲಿ ಬರೆದ ಕಿರ್ಮಾನಿ 80,000 ಎನ್ನುತ್ತಾನೆ. ಒಬ್ಬ ಗೆದ್ದವನ ಜಂಬದಲ್ಲಿ ಬರೆದಿರಬಹುದು, ಇನ್ನೊಬ್ಬ ಸೋತ ಶತ್ರುವನ್ನು ಕೆಟ್ಟವನೆಂದು ತೋರಿಸಲು ಬರೆದಿರಬಹುದು. ಆಗ ಈ ನಾಡಿನಲ್ಲಿ ಒಟ್ಟು ಎಷ್ಟು ಜನರಿದ್ದರು, ಹಿಂತಿರುಗಿ ಬಂದವರೆಷ್ಟು, ಪರ್ಷಿಯನ್ ಮೂಲದಲ್ಲಿ ಇರುವ ಮಾತು ಯಾವುದು, ಇವನ್ನೆಲ್ಲ ಎದುರುಬದುರು ಇಟ್ಟು ನೋಡುವ ಕಸುಬು ಒಂದಿದೆ. ಅದನ್ನು ಕಲಿಸುವ ಜಾಗಕ್ಕೆ ಹೋಗಲು ನೀವು ಮಾವನ ಅನುಮತಿ ಕೇಳುತ್ತಿದ್ದೀರಿ. ಟಿಪ್ಪುವಿನ ಬಗ್ಗೆ ಗಂಟಲು ಹರಿಯುವಂತೆ ಮಾತಾಡುವ ಎರಡೂ ಕಡೆಯವರಲ್ಲಿ ಪರ್ಷಿಯನ್ ಬಲ್ಲ ಒಬ್ಬರನ್ನು ನಾನು ಇನ್ನೂ ಕಂಡಿಲ್ಲ.

ನಮ್ಮ ಕಾಗದಗಳು ಅಟ್ಟದಲ್ಲಿ ಮಾತ್ರವೂ ಇಲ್ಲ. 1834ರಲ್ಲಿ ಪದಚ್ಯುತನಾದ ಕೊಡಗಿನ ಕೊನೆಯ ರಾಜ ಚಿಕ್ಕ ವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನ ಜೊತೆ ಲಂಡನ್ನಿಗೆ ಹೋಗಿ, ಈಸ್ಟ್ ಇಂಡಿಯಾ ಕಂಪನಿಯ ಬಳಿಯಿದ್ದ ತನ್ನ ಹಣಕ್ಕಾಗಿ ಕಂಪನಿಯ ಮೇಲೆಯೇ ದಾವೆ ಹೂಡಿದ. 1859ರಲ್ಲಿ ಅಲ್ಲಿಯೇ ತೀರಿಕೊಂಡ. ಮಡಿಕೇರಿಯಲ್ಲಿ ಆತನ ಕ್ರೌರ್ಯದ ಕಥೆ ಹೇಳದ ಟ್ಯಾಕ್ಸಿ ಚಾಲಕ ಇಲ್ಲ. ಆತನ ದಾವೆಯ ಕಥೆ ಗೊತ್ತಿರುವ ಪದವೀಧರರು ವಿರಳ. ಇನ್ನು ಬುಡಕಟ್ಟಿನವರಾದ ಯರವರ, ಕುರುಬರ, ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಹುಟ್ಟಿ ಅಲ್ಲಿಯೇ ತೀರಿದವರ ಹೆಸರು ಯಾವ ಸನ್ನದಿನಲ್ಲೂ ಸಿಗುವುದಿಲ್ಲ. ಅವರ ಚರಿತ್ರೆಯನ್ನು ಎಲ್ಲಿ ಹುಡುಕಬೇಕು ಎಂಬುದೇ ದೊಡ್ಡ ವಿದ್ಯೆ.

2024ರಲ್ಲಿ ನಾಪೋಕ್ಲುವಿನ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ 360 ತಂಡಗಳು ಆಡಿದವು. ನಾನೂ ಹೋಗಿ ಕೂಗಿ ಬಂದವನೇ. ಆದರೆ ಮೈದಾನಕ್ಕೆ ಮಕ್ಕಳನ್ನು ಕಳುಹಿಸಿದೆವು, ಸೈನ್ಯಕ್ಕೆ ಕಳುಹಿಸಿದೆವು, ಹಳೆಯ ದಾಖಲೆಗಳ ದಫ್ತರಖಾನೆಗೆ ಕಳುಹಿಸಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ ಮಗು ಕಲಾ ವಿಭಾಗಕ್ಕೆ ಸೇರಿದರೆ ಮನೆಯಲ್ಲಿ ಸೂತಕದ ಕಳೆ. ಸರ್ಕಾರವೂ ಕಡಿಮೆಯಿಲ್ಲ. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗಿಗೆ ಒಂದು ವಿಶ್ವವಿದ್ಯಾಲಯ ಬಂದಿತು. 2025ರ ಹೊತ್ತಿಗೆ ಅದನ್ನು ಮುಚ್ಚುವ ಮಾತು ಬಂದಿತು. ಮುಚ್ಚಬಾರದೆಂದು ಬೀದಿಗಿಳಿದವರಲ್ಲಿ ಎಷ್ಟು ಮಂದಿ ತಮ್ಮ ಮಕ್ಕಳನ್ನು ಅಲ್ಲಿಗೆ ಓದಲು ಕಳುಹಿಸಿದ್ದರು ಎಂದು ಕೇಳಿದರೆ ನನ್ನ ಪತ್ರಿಕೆಯ ಚಂದಾದಾರರು ಕಡಿಮೆಯಾಗುತ್ತಾರೆ. ಆದ್ದರಿಂದ ಕೇಳುವುದಿಲ್ಲ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಕಳೆದ ಕೆಲವು ವರ್ಷಗಳಿಂದ, ಅಂದರೆ 2022ರಿಂದ, ದೆಹಲಿ ವಿಶ್ವವಿದ್ಯಾಲಯ ಪಿಯುಸಿ ಅಂಕದ ಕಟ್‌ಆಫ್ ಬಿಟ್ಟು ಸಿಯುಇಟಿ ಅಂಕವನ್ನೇ ನೋಡುತ್ತದೆ. ನಿಮ್ಮಂಥವರಿಗೆ ಇದು ಒಳ್ಳೆಯದೇ. ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಇರುತ್ತದೆ. ಆದರೆ ಒಳಗೆ ಸೇರಿದ ಮೇಲೆ ಓದಬೇಕಾದ ಪುಸ್ತಕಗಳು ಬಹುತೇಕ ಇಂಗ್ಲಿಷಿನವು, ಈಗಿನಿಂದಲೇ ದಿನಕ್ಕೆ ಹತ್ತು ಪುಟ ಓದಿ. ಸಿಯುಇಟಿ ನಡೆಯುವುದು ಎನ್‌ಸಿಇಆರ್‌ಟಿ ಪಠ್ಯದ ಮೇಲೆ. ನಮ್ಮ ಪಿಯು ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡು ಹೋದರೆ ಅರ್ಧ ಪ್ರಶ್ನೆಗಳು ಪರಕೀಯವಾಗಿ ಕಾಣುತ್ತವೆ. ದೆಹಲಿ ಒಂದನ್ನೇ ನೆಚ್ಚಿಕೊಂಡು ಕೂರಬೇಡಿ. ಅದೇ ಪರೀಕ್ಷೆಯ ಮೂಲಕ ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಐದು ವರ್ಷದ ಸಂಯೋಜಿತ ಎಂ.ಎ. ಇತಿಹಾಸಕ್ಕೂ ಪ್ರಯತ್ನಿಸಬಹುದು. ಜೆಎನ್‌ಯು ಎಂದು ಯಾರಾದರೂ ಹೇಳಿದರೆ, ಅಲ್ಲಿ ಇತಿಹಾಸ ಇರುವುದು ಎಂ.ಎ.ಯಿಂದ. ಯಾವುದೂ ಆಗದಿದ್ದರೆ ಮೈಸೂರಿನ ಮಹಾರಾಜ ಕಾಲೇಜು ಇದೆ, ಮಡಿಕೇರಿಯಲ್ಲಿ 1949ರಿಂದ ನಡೆಯುತ್ತಿರುವ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು ಇದೆ. ಅಲ್ಲಿ ಓದಿಯೂ ಸನ್ನದು ಬಿಡಿಸುವುದನ್ನು ಕಲಿಯಬಹುದು, ಕಲಿಯುವ ಹಟ ಇದ್ದರೆ.

ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ಇತಿಹಾಸ ಪುಸ್ತಕ ಮೂರು ಭಾಗಗಳಲ್ಲಿದೆ. ಮೂರೂ ನಮ್ಮ ಕಚೇರಿಯಲ್ಲಿವೆ, ಮಡಿಕೇರಿಗೆ ಬಂದಾಗ ತೆಗೆದುಕೊಂಡು ಹೋಗಿ. ಎರಡನೆಯ ಭಾಗದ ವಿಜಯನಗರದ ಅಧ್ಯಾಯದ ಅಂಚಿನಲ್ಲಿ ನಾನು ಪೆನ್ಸಿಲಿನಿಂದ ಜಗಳ ಆಡಿದ್ದೇನೆ. ಅದನ್ನು ನಂಬಿ ಉತ್ತರ ಗುರುತು ಮಾಡಬೇಡಿ. ಸರಿ ಉತ್ತರಕ್ಕೆ ಐದು ಅಂಕ, ತಪ್ಪಿದರೆ ಇದ್ದುದರಲ್ಲಿ ಒಂದು ಹೋಗುತ್ತದೆ.