ನಿಮ್ಮ ವರೆಲಾ ಲೇಖನ ಓದ್ದೆ, ಈಗ ಹಾಕ್ತಿಲ್ಲ, ಆದ್ರೆ ಬಿಡ್ಬೇಡಿ

ನಮಸ್ಕಾರ,

ಒಬ್ದೂಲಿಯೊ ವರೆಲಾ ಬಗ್ಗೆ ನೀವು ಕಳ್ಸಿದ್ದ ಲೇಖನ ಎರಡು ಸಲ ಓದ್ದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ, ಸುತ್ತಿ ಬಳಸಿ ಹೇಳೋದು ನಂಗೂ ಇಷ್ಟ ಇಲ್ಲ. ಆದ್ರೆ ಪೆಲೆ, ಮರಡೋನಾ, ಮೆಸ್ಸಿ ಬಿಟ್ಟು ದಕ್ಷಿಣ ಅಮೆರಿಕದ ಬೇರೆ ಆಟಗಾರರ ಬಗ್ಗೆ ನಮಗೆ ಲೇಖನ ಬರೋದೇ ಅಪರೂಪ, ಅಂಥದ್ರಲ್ಲಿ ಉರುಗ್ವೆಯ 1950ರ ವರ್ಲ್ಡ್ ಕಪ್ ಕ್ಯಾಪ್ಟನ್ನನ್ನ ಹುಡುಕ್ಕೊಂಡು ಹೋಗಿ ಬರೆದಿದ್ದೀರಲ್ಲ, ಅದು ತುಂಬಾ ಖುಷಿಯಾಯ್ತು, ಅದಕ್ಕೇ ಇಷ್ಟುದ್ದ ಉತ್ತರ.

ಮೊದಲ ಮೂರು ಪ್ಯಾರಾ ತೆಗೆದುಬಿಡಿ. "ಫುಟ್‌ಬಾಲ್ ಬರೀ ಆಟವಲ್ಲ, ಅದೊಂದು ಧರ್ಮ" ಅನ್ನೋ ಸಾಲು ವರ್ಲ್ಡ್ ಕಪ್ ಬಂದಾಗೆಲ್ಲ ನಮ್ಮ ಮೇಲ್‌ಗೆ ಹತ್ತಾರು ಸಲ ಬಂದು ಬೀಳುತ್ತೆ. ಆಮೇಲೆ 1917ರಲ್ಲಿ ಮೊಂಟೆವಿಡಿಯೋದಲ್ಲಿ ಜನಿಸಿದರು, 1938ರಲ್ಲಿ ವಾಂಡರರ್ಸ್ ಕ್ಲಬ್ ಸೇರಿದರು, 1943ರಲ್ಲಿ ಪೆನ್ಯರೊಲ್ ಕ್ಲಬ್‌ಗೆ ಬಂದರು ಅಂತ ಸಾಲಾಗಿ ಇಸವಿ ಕೊಟ್ಟಿದ್ದೀರಿ. ಎಲ್ಲಾ ಸರಿನೇ, ಆದ್ರೆ ಓದೋನಿಗೆ ಆ ಮನುಷ್ಯ ಇನ್ನೂ ಕಣ್ಣಿಗೆ ಬಿದ್ದೇ ಇಲ್ಲ, ಇಸವಿ ತಗೊಂಡು ಅವನೇನ್ ಮಾಡ್ತಾನೆ?

ಈಗ ನಿಜವಾದ ಕಂಪ್ಲೇಂಟಿಗೆ ಬರ್ತೀನಿ. 1950ರ ಜುಲೈ 16, ರಿಯೋದ ಮರಕಾನ ಸ್ಟೇಡಿಯಂ, ಸುಮಾರು ಎರಡು ಲಕ್ಷ ಜನ, ವರ್ಲ್ಡ್ ಕಪ್ ಯಾರಿಗೆ ಅಂತ ತೀರ್ಮಾನ ಆಗೋ ಬ್ರೆಜಿಲ್-ಉರುಗ್ವೆ ಮ್ಯಾಚು, ಪಾಯಿಂಟಲ್ಲಿ ಮುಂದಿದ್ದ ಬ್ರೆಜಿಲ್‌ಗೆ ಡ್ರಾ ಆದ್ರೂ ಕಪ್ ಸಿಗುತ್ತೆ, ಸೆಕೆಂಡ್ ಹಾಫ್ ಶುರುವಾದ ಎರಡೇ ನಿಮಿಷಕ್ಕೆ ಬ್ರೆಜಿಲ್‌ನ ಫ್ರಿಯಾಸಾ ಗೋಲು ಹೊಡೀತಾನೆ. ಇಲ್ಲಿ ನೀವು ಬರೆದಿರೋದು ಒಂದೇ ಸಾಲು: "ಆಗ ವರೆಲಾ ತಮ್ಮ ತಂಡಕ್ಕೆ ಸ್ಫೂರ್ತಿ ತುಂಬಿದರು." ಅಲ್ಲಾರೀ, ಸ್ಫೂರ್ತಿ ಹೇಗೆ ತುಂಬಿದ, ಕೊಡದಲ್ಲಿ ನೀರು ತುಂಬಿದ ಹಾಗಾ? ಅವನು ಮಾಡಿದ್ದು ನಿಮಗೆ ಗೊತ್ತಿದೆ, ಕೊನೇಲಿ ಎಲ್ಲೋ ಅರ್ಧ ಸಾಲಲ್ಲಿ ಬಂದಿದೆ. ನೆಟ್‌ನಲ್ಲಿದ್ದ ಬಾಲ್ ಎತ್ತಿ ಕಂಕುಳಲ್ಲಿ ಇಟ್ಕೊಂಡ, ನಿಧಾನಕ್ಕೆ ನಡ್ಕೊಂಡು ಬಂದ, ಆಫ್‌ಸೈಡ್, ಈ ಗೋಲು ಲೆಕ್ಕಕ್ಕಿಲ್ಲ ಅಂತ ಲೈನ್ಸ್‌ಮನ್ ಹತ್ರ ಜಗಳ ತೆಗೆದ, ಆಮೇಲೆ ಇಂಗ್ಲೆಂಡಿನ ರೆಫ್ರಿ ಜಾರ್ಜ್ ರೀಡರ್ ಹತ್ರ ಹೋಗಿ ಮತ್ತೆ ವಾದ, ಅವನಿಗೆ ಇವನ ಭಾಷೆ ಬರಲ್ಲ ಇವನಿಗೆ ಅವನ ಭಾಷೆ ಬರಲ್ಲ, ಟ್ರಾನ್ಸ್‌ಲೇಟ್ ಮಾಡೋರನ್ನ ಕರೆಸಿ ಅಂದ ಅಂತಾನೂ ಹೇಳ್ತಾರೆ. ಗೋಲು ಕ್ಯಾನ್ಸಲ್ ಆಗಲ್ಲ ಅಂತ ಅವನಿಗೆ ಗೊತ್ತಿತ್ತು, ಆಮೇಲೆ ಅವನೇ ಹೇಳ್ಕೊಂಡಿದ್ದಾನೆ. ಅವನಿಗೆ ಬೇಕಾಗಿದ್ದು ಬರೀ ಟೈಮು. ಆಗ್ಲೇ ಕಿಕ್-ಆಫ್ ಮಾಡಿದ್ರೆ ಆ ಗದ್ದಲದಲ್ಲಿ ಇನ್ನೆರಡು ಗೋಲು ಬೀಳ್ತಿತ್ತು, ಯಾಕಂದ್ರೆ ಅದೇ ಬ್ರೆಜಿಲ್ ಹಿಂದಿನ ಎರಡು ಮ್ಯಾಚಲ್ಲಿ ಸ್ವೀಡನ್‌ಗೆ 7-1, ಸ್ಪೇನ್‌ಗೆ 6-1 ಹೊಡೆದು ಬಂದಿತ್ತು. ಕುಣೀತಿದ್ದ ಜನ ಇವನ ಮೇಲೆ ಸಿಟ್ಟಾಗಿ ಕೂಗೋಕೆ ಶುರು ಮಾಡಿದ್ರು, ಸಂಭ್ರಮದ ಬಿಸಿ ಇಳೀತು. ನಿಮ್ಮ ಲೇಖನ ಇಲ್ಲಿಂದ ಶುರುವಾಗ್ಬೇಕು, ಈ ಜಾಗಕ್ಕೆ ಎರಡು ಪ್ಯಾರಾ ಕೊಡಿ, ಮೂರು ಕೊಟ್ರೂ ನಾನು ಕಟ್ ಮಾಡಲ್ಲ.

ಆಮೇಲಿನ ಗೋಲುಗಳನ್ನ ಬೇಗ ಮುಗಿಸಿ. 66ನೇ ನಿಮಿಷಕ್ಕೆ ಸ್ಕಿಯಾಫಿನೊ, 79ಕ್ಕೆ ಗಿಗ್ಗಿಯಾ, ಉರುಗ್ವೆಗೆ 2-1. ಮೊದಲನೇ ಗೋಲಲ್ಲಿ ಬಲಗಡೆ ಗಿಗ್ಗಿಯಾಗೆ ಬಾಲ್ ಕೊಟ್ಟಿದ್ದು ವರೆಲಾನೇ, ಅದನ್ನ ಮಾತ್ರ ಬಿಡ್ಬೇಡಿ. ಇನ್ನೊಂದು, ಅವನನ್ನ ಮಿಡ್‌ಫೀಲ್ಡರ್ ಅಂತ ಬರೆದು ಮುಂದಿನ ಪ್ಯಾರಾದಲ್ಲೇ ಸೆಂಟರ್-ಹಾಫ್ ಅಂದಿದ್ದೀರಿ, ಈಗಿನ ಹುಡುಗ್ರಿಗೆ ಕನ್ಫ್ಯೂಸ್ ಆಗುತ್ತೆ. ಆ ಕಾಲದಲ್ಲಿ ಸೆಂಟರ್-ಹಾಫ್ ಅಂದ್ರೆ ಮೈದಾನದ ನಡುಮಧ್ಯ ನಿಂತು ಹಿಂದೆ ತಡೆದು ಮುಂದೆ ಪಾಸ್ ಕೊಡೋನು, ಈಗ ಡಿಫೆನ್ಸಿವ್ ಮಿಡ್‌ಫೀಲ್ಡರ್ ಅಂತಾರಲ್ಲ ಹೆಚ್ಚುಕಮ್ಮಿ ಅದು, ಅಂತ ಒಂದು ಸಾಲು ಸೇರ್ಸಿ ಸಾಕು.

ಭಾರತ ಆ ವರ್ಲ್ಡ್ ಕಪ್‌ಗೆ ಹೋಗ್ದೇ ಇದ್ದ ಕಥೆ, ಬರಿಗಾಲಿನ ಕಥೆ, ಅದನ್ನ ತೆಗೀರಿ. ಭಾರತ ಹಿಂದೆ ಸರಿದಿದ್ದು ನಿಜ, ಆದ್ರೆ ಆಗ ನಮ್ಮ ಫೆಡರೇಷನ್‌ಗೆ ಒಲಿಂಪಿಕ್ಸೇ ದೊಡ್ಡದಾಗಿತ್ತು, ಅದನ್ನೆಲ್ಲ ಬಿಟ್ಟು ಬರೀ ಶೂ ಇರ್ಲಿಲ್ಲ ಅಂತ ಬರೆಯೋದು ತಪ್ಪು, ಮೇಲಾಗಿ ವರೆಲಾಗೂ ಅದಕ್ಕೂ ಏನೂ ಸಂಬಂಧ ಇಲ್ಲ.

ಆ ಜಾಗದಲ್ಲಿ 1948 ತನ್ನಿ. ನೀವು ಪೂರ್ತಿ ಬಿಟ್ಟಿರೋದು ಇದೇ, ನಂಗೆ ಬೇಜಾರಾಗಿದ್ದೂ ಇಲ್ಲೇ. ಆ ವರ್ಷ ಉರುಗ್ವೆ ಆಟಗಾರರು ಕ್ಲಬ್‌ಗಳ ವಿರುದ್ಧ ಸ್ಟ್ರೈಕ್ ಮಾಡಿದ್ರು, ತಿಂಗಳುಗಟ್ಟಲೆ ನಡೀತು, ಮುಂದೆ ನಿಂತವರಲ್ಲಿ ವರೆಲಾ ಒಬ್ಬ. ಚಿಕ್ಕವನಿದ್ದಾಗ ಬೀದೀಲಿ ಪೇಪರ್ ಮಾರಿದ್ದವನು, ಆಫ್ರಿಕನ್ ಮೂಲದ ರಕ್ತ ಇದ್ದವನು, ಅವನನ್ನ ಕರೀತಿದ್ದ ಹೆಸರೇ "ಎಲ್ ನೆಗ್ರೊ ಹೆಫೆ", ಅಂದ್ರೆ ಕರಿಯ ನಾಯಕ. ನೀವು ಆ ಹೆಸರು ಬರೆದು ಅರ್ಥ ಬಿಟ್ಟಿದ್ದೀರಿ, ಮುಜುಗರ ಆಗಿರ್ಬಹುದು, ಆದ್ರೆ ಬಿಟ್ರೆ ಕಥೆನೇ ಹೋಗುತ್ತೆ. ಪೆನ್ಯರೊಲ್ ಜರ್ಸಿ ಮೇಲೆ ಕಂಪನಿ ಜಾಹೀರಾತು ಬಂದಾಗ ಉಳಿದ ಹತ್ತೂ ಜನ ಹಾಕ್ಕೊಂಡ್ರು, ಇವನು ಮಾತ್ರ ಹಳೇ ಜರ್ಸಿಲೇ ಆಡಿದ, ಕರಿಯರ ಮೂಗಿಗೆ ಬಳೆ ಹಾಕಿ ಎಳೀತಿದ್ದ ಕಾಲ ಮುಗೀತು ಅಂದ ಅಂತ ಅಲ್ಲಿ ಈಗ್ಲೂ ಹೇಳ್ತಾರೆ. ಧಣಿಗಳ ಮುಂದೆ ಇಲ್ಲ ಅಂತ ಹೇಳಿ ಅಭ್ಯಾಸ ಇದ್ದವನಿಗೆ ಎರಡು ಲಕ್ಷ ಜನರ ಮುಂದೆ ಬಾಲ್ ಹಿಡ್ಕೊಂಡು ನಿಲ್ಲೋಕೆ ಆಗಿದ್ದು, ಆ ಧೈರ್ಯ ಅವತ್ತು ಮಧ್ಯಾಹ್ನ ಆಕಾಶದಿಂದ ಉದುರಿದ್ದಲ್ಲ.

ಬ್ರೆಜಿಲ್‌ನ ಬಾರ್ಬೋಸನನ್ನ "ಖಳನಾಯಕ" ಅಂದಿದ್ದೀರಿ. ದಯವಿಟ್ಟು ತೆಗೀರಿ. ಗಿಗ್ಗಿಯಾ ಬಾಲ್‌ನ ನಡುವಿಗೆ ಕ್ರಾಸ್ ಕೊಡ್ತಾನೆ ಅಂತ ಒಂದು ಹೆಜ್ಜೆ ಈಚೆ ಬಂದ ಆ ಗೋಲ್‌ಕೀಪರ್ 2000ದಲ್ಲಿ ಸಾಯೋವರೆಗೂ ಅದೇ ಒಂದು ಗೋಲಿಗೆ ಬೈಸ್ಕೊಂಡ, ಅದರ ಮೇಲೆ ಕನ್ನಡದಲ್ಲಿ ನಾವೂ ಒಂದು ಕಲ್ಲು ಹಾಕೋದು ಬೇಡ.

ಭಾಷೆ ಬಗ್ಗೆ ಎರಡೇ ಮಾತು. "ಕಾಲ್ಚೆಂಡಾಟ", "ದಂಡನಾಯಕ", "ಗುರಿಪಾಲಕ" ಇವು ಯಾವ ಮೈದಾನದಲ್ಲೂ ಕೇಳ್ಸಲ್ಲ, ನೀವು ಫ್ರೆಂಡ್ಸ್ ಹತ್ರ ಮ್ಯಾಚ್ ಬಗ್ಗೆ ಹೇಗೆ ಮಾತಾಡ್ತೀರೋ ಹಾಗೆ ಬರೀರಿ. ಆಟಗಾರನ್ನ "ಅವನು" ಅಂದ್ರೆ ಮರ್ಯಾದೆ ಕಮ್ಮಿ ಆಗಲ್ಲ, ಹತ್ರದವನು ಅನ್ಸುತ್ತೆ.

ಇನ್ನು ಕೊನೆ. ಕಪ್ ಎತ್ತಿದ ಕಡೆ ನಿಲ್ಸಿದ್ದೀರಿ, ಆದ್ರೆ ಅವತ್ತು ಎತ್ತೋ ಥರದ ಸಮಾರಂಭನೇ ನಡೀಲಿಲ್ಲ, ಗೊಂದಲದ ಮಧ್ಯೆ ಫಿಫಾ ಅಧ್ಯಕ್ಷ ಜೂಲ್ಸ್ ರಿಮೆ ವರೆಲಾನನ್ನ ಹುಡುಕಿ ಹೆಚ್ಚುಕಮ್ಮಿ ಕದ್ದುಮುಚ್ಚಿ ಕೈಗೆ ಕೊಟ್ಟು ಹೋದ. ಊರಿಗೆ ವಾಪಸ್ ಹೋದ್ಮೇಲೆ ಉರುಗ್ವೆ ಫುಟ್‌ಬಾಲ್ ಅಧಿಕಾರಿಗಳು ತಮಗೆ ತಾವೇ ಚಿನ್ನದ ಮೆಡಲ್ ಮಾಡಿಸ್ಕೊಂಡು ಆಟಗಾರರಿಗೆ ಬೆಳ್ಳಿದು ಕೊಟ್ರಂತೆ, ಬಂದ ದುಡ್ಡಲ್ಲಿ ವರೆಲಾ ಒಂದು 1931ರ ಹಳೇ ಫೋರ್ಡ್ ಕಾರ್ ತಗೊಂಡ, ವಾರದಲ್ಲಿ ಅದೂ ಕಳುವಾಯ್ತಂತೆ. 1954ರ ವರ್ಲ್ಡ್ ಕಪ್ ಕೂಡ ನಾಲ್ಕು ಸಾಲಲ್ಲಿ ತನ್ನಿ, 36ನೇ ವಯಸ್ಸಲ್ಲಿ ಇಂಗ್ಲೆಂಡ್ ಮೇಲೆ ಗೋಲು ಹೊಡೆದು ಗಾಯ ಮಾಡ್ಕೊಂಡ, ಅವನಿಲ್ಲದ ಸೆಮಿಫೈನಲ್ಲಲ್ಲಿ ಹಂಗೇರಿ ಎದುರು ಸೋತ್ರು, ಅವನು ಆಡಿದ ಏಳು ವರ್ಲ್ಡ್ ಕಪ್ ಮ್ಯಾಚಲ್ಲಿ ಉರುಗ್ವೆ ಒಂದನ್ನೂ ಸೋತಿಲ್ಲ.

ಇದನ್ನೆಲ್ಲ ಮೊದ್ಲೇ ಹೇಳಿ ಮುಗಿಸಿ, ಗೆದ್ದ ಆ ರಾತ್ರಿನ ಕೊನೆಗೆ ಇಟ್ಕೊಳ್ಳಿ. ಅಧಿಕಾರಿಗಳ ಜೊತೆ ಸಂಭ್ರಮ ಬೇಡ ಅಂತ ರಿಯೋದ ಬಾರ್‌ಗಳಿಗೆ ಹೋದ, ಎಲ್ಲಿ ನೋಡಿದ್ರೂ ಜನ ಅಳ್ತಾ ಕೂತಿದ್ರು, ಯಾರೋ ಇವನೇ ಒಬ್ದೂಲಿಯೊ ಅಂತ ಗುರುತು ಹಿಡಿದಾಗ ಹೊಡೀತಾರೇನೋ ಅಂದ್ಕೊಂಡ, ಅವ್ರು ತಬ್ಕೊಂಡು ನಮ್ಮ ಜೊತೆ ಕುಡಿ ಬಾ ಅಂದ್ರು. ಆ ಫೈನಲ್ ಮತ್ತೆ ಆಡ್ಬೇಕಾಗಿ ಬಂದ್ರೆ ನಮ್ಮ ಕಡೆಗೇ ಗೋಲು ಹೊಡ್ಕೋತೀನಿ ಅಂತ ಎಷ್ಟೋ ವರ್ಷದ ಮೇಲೆ ಒಂದು ಸಂದರ್ಶನದಲ್ಲಿ ಹೇಳಿದ್ದಾನೆ. ಅಲ್ಲಿಗೆ ನಿಲ್ಸಿ, "ಹೀಗೆ ವರೆಲಾ ಅಜರಾಮರರಾದರು" ಅನ್ನೋ ಸಾಲು ಬೇಡ. ಸಾವಿರ ಪದ ಆದ್ರೂ ಪರ್ವಾಗಿಲ್ಲ, ತಿದ್ದಿ ಕಳ್ಸಿ, ಕಾಯ್ತಿರ್ತೀನಿ.