ಮಗಳು ಬೆಳೆದಳು, ಪೆಟ್ಟಿಗೆ ಬೆಳೆಯಲಿಲ್ಲ

ಪಾಂಡವಪುರದ ಕಡೆಯಿಂದ ಬಂದ ಈ ಪತ್ರ ನಾಲ್ಕು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಬೇರೆಯವರಿಗೆ ಉತ್ತರ ಬರೆಯಲು ಕೂತರೂ ಮನಸ್ಸು ಇದರ ಹತ್ತಿರವೇ ಹೋಗುತ್ತದೆ.

ಬರೆದಿರುವ ತಾಯಿಯದು ಊರೂರು ತಿರುಗಿ ಶೋ ಕೊಡುವ ಕುಟುಂಬ. ಗಂಡ ಮ್ಯಾಜಿಕ್ ಮಾಡುತ್ತಾರೆ, ಮಾತಾಡುವ ಗೊಂಬೆ ಆಡಿಸುತ್ತಾರೆ. ಇವರು ಹಾಡುತ್ತಾರೆ. ಗಂಡನ ಅಣ್ಣ ಬುಕಿಂಗ್ ಹಿಡಿಯುತ್ತಾರೆ, ದುಡ್ಡು ಇಟ್ಟುಕೊಳ್ಳುತ್ತಾರೆ. ಗಣಪತಿ ಕೂರಿಸಿದಾಗ ಶುರುವಾದರೆ ದಸರಾ, ನವೆಂಬರ್ ಪೂರ್ತಿ ರಾಜ್ಯೋತ್ಸವ, ಸಂಕ್ರಾಂತಿ ಕಳೆದ ಮೇಲೆ ಜಾತ್ರೆ, ಬೇಸಿಗೆಯಲ್ಲಿ ಊರಹಬ್ಬ. ಟೆಂಪೋದಲ್ಲೇ ಸಾಮಾನು, ಟೆಂಪೋದಲ್ಲೇ ನಿದ್ದೆ. ಹತ್ತು ವರ್ಷದ ಮಗಳು ಪೆಟ್ಟಿಗೆಯೊಳಗೆ ಮಾಯವಾಗುವ ಹುಡುಗಿ. ಜನ ಕಾಯುವುದೇ ಆ ಐಟಂಗೆ. ಐದನೇ ಕ್ಲಾಸಿನಲ್ಲಿ ಅವಳ ಹೆಸರಿದೆ, ಹಾಜರಿ ಇಲ್ಲ. ಮದ್ದೂರಿನ ಹತ್ತಿರ ಇರುವ ಅಜ್ಜಿ ‘ನನ್ನ ಹತ್ರ ಬಿಡು, ನಾನು ಓದಿಸ್ತೀನಿ’ ಅನ್ನುತ್ತಾರೆ. ಗಂಡ ‘ಅವಳಿಲ್ಲದೆ ಶೋ ಏನಿದೆ’ ಅನ್ನುತ್ತಾರೆ. ಯಾರ ಮಾತು ಕೇಳಲಿ ಅಂತ ಇವರ ಪ್ರಶ್ನೆ.

ಮೂರು ಪುಟದಲ್ಲಿ ಎರಡೂವರೆ ಪುಟ ಶಾಲೆಯ ವಿಷಯವೇ. ಕೊನೆಗೆ, ಸುಮ್ನೆ ಸೇರಿಸಿದ ಹಾಗೆ ಒಂದು ಮಾತು: ‘ಪೆಟ್ಟಿಗೆ ಅವಳಿಗೆ ಆರು ವರ್ಷವಾದಾಗ ಮಾಡಿಸಿದ್ದು. ಈಗ ಸ್ವಲ್ಪ ಬಿಗಿ. ಶೋ ಇರುವ ದಿನ ಅವಳಿಗೆ ರಾತ್ರಿ ಊಟ ಹಾಕಬೇಡ ಅಂತಾರೆ ಭಾವ. ಮಂಡಿ ತರಚಿದ್ದು ಕಾಣದ ಹಾಗೆ ನಾನು ಪೌಡರ್ ಹಚ್ತೀನಿ.’

ತಾಯಿ, ನೀವು ಕೇಳಬೇಕಾಗಿದ್ದ ಪ್ರಶ್ನೆ ಇದು.

ಚಿಕ್ಕವಳಿದ್ದಾಗ ಮೈಸೂರಿನ ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದಲ್ಲಿ ನಾನೂ ಇಂಥ ಒಂದು ಆಟ ನೋಡಿದ್ದೆ. ಮಾಯವಾದ ಹುಡುಗಿ ಎಲ್ಲಿ ಹೋದಳು ಅಂತ ಅಪ್ಪನ ಕೈ ಬಿಡಿಸಿಕೊಂಡು ಟೆಂಟಿನ ಹಿಂದಕ್ಕೆ ಓಡಿದೆ. ಅವಳು ಕಲ್ಲಿನ ಮೇಲೆ ಕೂತು, ಜರಿ ಲಂಗ ಮೇಲೆತ್ತಿ, ಎರಡೂ ಕೈಯಿಂದ ಕಾಲು ಉಜ್ಜಿಕೊಳ್ಳುತ್ತಿದ್ದಳು. ಜೋಮು ಹಿಡಿದಿತ್ತೇನೋ. ನನ್ನನ್ನು ನೋಡಿ ತಟ್ಟನೆ ಎದ್ದು ನಿಂತು ನಕ್ಕಳು. ನನ್ನಷ್ಟೇ ಎತ್ತರ ಇದ್ದಳು. ನಿಮ್ಮ ಪತ್ರ ಓದಿದ ಮೇಲೆ ಆ ನಗು ಮತ್ತೆ ಮತ್ತೆ ನೆನಪಾಗುತ್ತಿದೆ.

ನಿಮ್ಮ ಯಜಮಾನರ ಮೇಲೆ ನನಗೆ ಅಷ್ಟು ಕೋಪವಿಲ್ಲ. ಮಗಳು ಬೆಳೆದದ್ದನ್ನು ಒಪ್ಪಿಕೊಂಡರೆ ತಮ್ಮ ದೊಡ್ಡ ಐಟಂ ಹೋಗುತ್ತದೆ ಅನ್ನುವ ಭಯ ಅವರದು. ನಿಮ್ಮ ಮೇಲೆ ಸ್ವಲ್ಪ ಇದೆ, ಆ ಪೌಡರ್ ಡಬ್ಬಿಯಿಂದಾಗಿ. ಆದರೆ ಭಾವನನ್ನು ನಾನು ಕ್ಷಮಿಸಲಾರೆ. ಈ ಅಂಕಣ ಓದುವವರಿಗೆ ನನ್ನ ಹಳೇ ಹಟ ಗೊತ್ತು: ಮಕ್ಕಳ ತಟ್ಟೆಗೆ ಕೈ ಹಾಕುವವರು ಎಷ್ಟೇ ದೊಡ್ಡವರಾಗಲಿ, ಆ ಮನೆಯಲ್ಲಿ ಅವರ ಮಾತು ನಡೆಯಕೂಡದು.

‘ಅಣ್ಣಾವ್ರು ಶಾಲೆಗೆ ಹೋಗಿ ದೊಡ್ಡವರಾದ್ರಾ’ ಅಂತ ಅವರು ಕೇಳುತ್ತಾರಂತೆ. ರಾಜ್‌ಕುಮಾರ್ ಹುಡುಗನಾಗಿದ್ದಾಗಲೇ ಶಾಲೆ ಬಿಟ್ಟು, ತಂದೆ ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ಕಂಪನಿ ಸೇರಿದ್ದು ನಿಜ. ಆದರೆ 1884ರಲ್ಲಿ ಹುಟ್ಟಿದ ಆ ಕಂಪನಿಯಂಥವು ಒಂದೊಂದು ಊರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪ್ ಹಾಕುತ್ತಿದ್ದವು. ಪಾಠ ಹೇಳಿಕೊಡುವ ಹಿರಿಯ ನಟರು ಜೊತೆಗೇ ಇರುತ್ತಿದ್ದರು. ನಿಮ್ಮ ಮಗಳಿಗೆ ಪೆಟ್ಟಿಗೆಯೊಳಗೆ ಯಾರು ಏನು ಕಲಿಸುತ್ತಿದ್ದಾರೆ? ಉಸಿರು ಹಿಡಿದು ಕೂರುವುದನ್ನು, ಅಷ್ಟೇ ಅಲ್ವಾ?

ಇನ್ನು ದುಡ್ಡು. 2016ರಲ್ಲಿ ಬಾಲಕಾರ್ಮಿಕ ಕಾಯ್ದೆ ತಿದ್ದಿದಾಗ ಮಕ್ಕಳು ಕಲಾವಿದರಾಗಿ ಕೆಲಸ ಮಾಡಬಹುದು, ಆದರೆ ಓದು ಕೆಡಬಾರದು ಅಂತ ಬರೆದರು. ಸರ್ಕಸ್ಸಿಗೆ ಆ ವಿನಾಯಿತಿಯೂ ಇಲ್ಲ. 2017ರ ನಿಯಮದ ಪ್ರಕಾರ ಮಗು ದಿನಕ್ಕೆ 5 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ. ದುಡಿದದ್ದರಲ್ಲಿ ಕನಿಷ್ಠ ನೂರಕ್ಕೆ 20 ರೂಪಾಯಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಎಫ್‌ಡಿ ಆಗಬೇಕು. ಭಾವನ ಡೈರಿ ಕೇಳಿ ತೆಗೆಸಿ. ನಾಲ್ಕು ವರ್ಷದಲ್ಲಿ ಅವಳ ಹೆಸರಿಗೆ ಒಂದು ರೂಪಾಯಿ ಬರೆದಿದ್ದಾರಾ ನೋಡಿ.

ಶಾಲೆಯದು ನೀವು ಅಂದುಕೊಂಡಷ್ಟು ಕಷ್ಟವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14 ವರ್ಷದ ಮಗುವನ್ನು ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಬೇಕು. ಟಿಸಿ ತಡವಾಯಿತು ಅಂತ ವಾಪಸ್ ಕಳಿಸುವ ಹಾಗಿಲ್ಲ. ಅಜ್ಜಿಯ ಊರಿನ ಸರ್ಕಾರಿ ಶಾಲೆಗೆ ಸೇರಿಸಿ. ಅಲ್ಲಿ ಮಧ್ಯಾಹ್ನ ಬಿಸಿಯೂಟವೂ ಇದೆ. ದಸರಾ ರಜೆಗೆ, ಬೇಸಿಗೆ ರಜೆಗೆ ಅವಳಿಗೆ ಇಷ್ಟವಿದ್ದರೆ ನಿಮ್ಮ ಜೊತೆ ಬರಲಿ. ಅಪ್ಪನ ಹತ್ತಿರ ಮಾತಾಡುವ ಗೊಂಬೆ ಕಲಿಯಲಿ. ಅದಕ್ಕೆ ಮೈ ಮಡಚಬೇಕಾಗಿಲ್ಲ.

ಇದೆಲ್ಲ ನಿಧಾನವಾಗಿ ಆಗಲಿ. ಇವತ್ತು ಮಾಡಬೇಕಾದ್ದು ಒಂದೇ. ಅವಳು ಆ ಪೆಟ್ಟಿಗೆಯೊಳಗೆ ಇನ್ನೊಂದು ಸಲವೂ ಕೂರಬಾರದು. ಅಡ್ವಾನ್ಸ್ ತಗೊಂಡಾಗಿದೆ ಅಂತ ಭಾವ ಅಂದರೆ, ತಗೊಂಡವರೇ ವಾಪಸ್ ಕೊಡಲಿ. ಸಂಜೆ ಶೋಗೆ ಹೊರಡುವ ಮುಂಚೆ ಅವಳನ್ನು ಕೂರಿಸಿ ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿ. ಇನ್ನರ್ಧ ಮುದ್ದೆ ಕೇಳಿದರೆ ಅದನ್ನೂ ಹಾಕಿ.